ಚಿತ್ರದ ಕೆಳಗಿನ ಎರಡು ಸಾಲು

ಆಷಾಢದ ಮೂರನೆಯ ಮಂಗಳವಾರ, ಬೆಳಿಗ್ಗೆ ಒಂಬತ್ತು ಐವತ್ತೈದು. ಸ್ಥಳ: ಚಿಕ್ಕೋಡಿ, ಕೋರ್ಟಿನ ಹಿಂದಿನ ಓಣಿಯ ಸಮುದಾಯ ಭವನ, ಮೇಲಿನ ಮಹಡಿ. ಹಾಜರಿದ್ದವರು: ತರಬೇತಿಗೆ ಬಂದ ಹದಿನಾಲ್ಕು ಮಂದಿ, ಅವರ ಮೇಲ್ವಿಚಾರಕಿ ರೇಶ್ಮಾ, ನಾನು. ಬರಬೇಕಾಗಿದ್ದವರು ಹದಿನಾರು. ಹತ್ತಕ್ಕೆ ಪಾಠ ಶುರು ಮಾಡಿದೆ. ಹತ್ತೂ ಏಳಕ್ಕೆ ಬಂದ ಇಬ್ಬರು ಅಥಣಿ ಬಸ್ಸು ತಡವಾಯಿತು ಎಂದರು. ಅದರ ಹಿಂದಿನ ಬಸ್ಸು ಎಷ್ಟಕ್ಕಿದೆ ಎಂದು ಕೇಳಿ ಒಳಗೆ ಬಿಟ್ಟೆ.

ನೆರೆ ಪರಿಹಾರದ ಕೆಲಸವನ್ನು ಬರೆದಿಡುವುದು ಹೇಗೆ ಎಂಬುದು ಪಾಠ. ಎರಡು ಗಂಟೆ ಮಾತಾಡಬೇಕಿತ್ತು. ಹತ್ತೂವರೆಯ ಹೊತ್ತಿಗೆ ಕೆಳಗಿನ ಪಡಸಾಲೆಯಲ್ಲಿ ಯಾರೋ ಚಾದರಗಳ ಗಂಟು ಬಿಚ್ಚಿದರು. ಹೊಸ ಉಣ್ಣೆ ಮತ್ತು ನುಸಿಗುಳಿಗೆಯ ವಾಸನೆ ಮೆಟ್ಟಿಲು ಹತ್ತಿ ಬಂತು. ನಾನು ಹೇಳುತ್ತಿದ್ದ ವಾಕ್ಯ ಅರ್ಧಕ್ಕೆ ನಿಂತಿತು. ನನಗೆ ಹಾಗಾಗುವುದಿಲ್ಲ. ಹುಡುಗರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ರೇಶ್ಮಾಗೆ ಮಾತ್ರ ಕಾರಣ ಗೊತ್ತಿತ್ತು. ಅವಳು ಎದ್ದು ಹೋಗಿ ಬಾಗಿಲು ಮುಚ್ಚಿದಳು. ಪಾಠ ಮುಗಿಸಿದೆ. ಮನೆಗೆ ಬಂದು ಊಟ ಮಾಡಿ, ಎರಡು ಗಂಟೆಗೆ ಇದನ್ನು ಬರೆಯಲು ಕೂತಿದ್ದೇನೆ.

ಹೆಸರು ಕಮಲಾ. ಮಿರಜದಲ್ಲಿ ನರ್ಸಿಂಗ್ ಕಲಿತು, ಅಥಣಿ, ರಾಯಬಾಗ, ಕೊನೆಗೆ ಚಿಕ್ಕೋಡಿಯ ಆಸ್ಪತ್ರೆಗಳಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತಳಾದವಳು. ಈ ಊರಿನಲ್ಲಿ ನನ್ನನ್ನು ಇಂದಿಗೂ ಸಿಸ್ಟರ್ ಎನ್ನುತ್ತಾರೆ. ನಮಗೆ ಕಲಿಸಿದ ಮೇಟ್ರನ್ ಒಂದು ಕ್ರಮ ಹಾಕಿಕೊಟ್ಟಿದ್ದರು: ಮೊದಲು ಗಡಿಯಾರ ನೋಡು, ಆಮೇಲೆ ರೋಗಿಯನ್ನು ನೋಡು, ಆಮೇಲೆ ಬರೆ. ಕಂಡದ್ದನ್ನು ಬರೆ, ಅನಿಸಿದ್ದನ್ನಲ್ಲ. ತಪ್ಪಾದರೆ ಅಳಿಸಬೇಡ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡು. ಈ ಕ್ರಮದಿಂದ ನಾನು ಎಷ್ಟು ಜನರನ್ನು ಉಳಿಸಿದೆನೋ ತಿಳಿಯದು. ಒಬ್ಬನನ್ನು ಕೆಳಗಿಳಿಸಿದ್ದು ಮಾತ್ರ ಖಚಿತ.

ನನ್ನ ಅಕ್ಕ ಸುಂದರಾಬಾಯಿಯನ್ನು ಕೃಷ್ಣೆಯ ದಂಡೆಯ ಒಂದು ಊರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಎರಡು ಎಮ್ಮೆ, ತುಂಡು ಹೊಲ, ಒಬ್ಬನೇ ಮಗ ಸದಾಶಿವ. ಅವನು ಚಿಕ್ಕೋಡಿ ಡಿಪೋದಲ್ಲಿ ಕಂಡಕ್ಟರ್. ಹಿಂದಿನ ದೊಡ್ಡ ನೆರೆಯಲ್ಲಿ ಊರು ಮುಳುಗಿದಾಗ ರಜೆ ಹಾಕಿ ಬಂದು, ತಾಯಿಯನ್ನು ದೋಣಿಯಲ್ಲಿ ದಾಟಿಸಿ, ಎಮ್ಮೆಗಳನ್ನು ತಾನೇ ಈಜಿಸಿಕೊಂಡು ತಂದವನು ಸದಾಶಿವ. ಇಬ್ಬರೂ ಶಾಲೆಯ ಗಂಜಿ ಕೇಂದ್ರದಲ್ಲಿದ್ದರು. ಎರಡನೆಯ ದಿನ ಚಾದರ ಹಂಚಲು ಒಂದು ಸಂಸ್ಥೆಯ ಜೀಪು ಬಂತು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಅದರ ದಾಖಲೆ ಅಧಿಕಾರಿ ಶ್ರೀಕಾಂತ ಎಂಬವನು ಫೋಟೊ ತೆಗೆಯುತ್ತಿದ್ದ. ಅವನನ್ನು ಎಲ್ಲರೂ ಸರ್ ಎನ್ನುತ್ತಿದ್ದರು, ನಾನೂ ಎದುರಿಗೆ ಹಾಗೆಯೇ ಕರೆದೆ. ಇಲ್ಲಿ ಕರೆಯುವುದಿಲ್ಲ.

ಅಲ್ಲಿ ನಡೆದದ್ದನ್ನು ಸದಾಶಿವ ನನಗೆ ಹೇಳಿದ. ಅಕ್ಕನ ಕೈಗೆ ಚಾದರ ಕೊಟ್ಟು ಶ್ರೀಕಾಂತ ಒಂದು ಫೋಟೊ ತೆಗೆದ. ಅದು ಸರಿ ಬರಲಿಲ್ಲ ಎಂದು ತಲೆಯ ಮೇಲಿನ ಸೆರಗು ತೆಗೆಸಿದ. ಕೂದಲು ಬಿಚ್ಚಿಸಿದ. ಅಳಬೇಕು ಎಂದ. ಮೂರನೆಯ ಸಲಕ್ಕೆ ಅಕ್ಕ ಅತ್ತಳು. ಸದಾಶಿವ ಅವಳ ಬಲಕ್ಕೆ ಎರಡು ಮಾರು ದೂರದಲ್ಲಿ ಎಮ್ಮೆಗಳಿಗೆ ಮೇವು ಹಾಕುತ್ತಿದ್ದ. ಚಿತ್ರದ ಅಂಚಿನಲ್ಲಿ ಅವನ ಮೊಣಕೈ ಬಂದಿತ್ತು. ಅದನ್ನು ಕತ್ತರಿಸಿದರು. ತಿಂಗಳೊಳಗೆ ಚಿಕ್ಕೋಡಿ ಬಸ್ ನಿಲ್ದಾಣದ ಎದುರು ಆಳೆತ್ತರದ ಫ್ಲೆಕ್ಸ್ ನಿಂತಿತು. ಚಿತ್ರದ ಕೆಳಗೆ ಎರಡು ಸಾಲು: ಹೆತ್ತ ಮಗನೇ ಕೈಬಿಟ್ಟ ತಾಯಿ. ನಾವು ಕೈ ಹಿಡಿದೆವು.

ಸದಾಶಿವ ದಿನಕ್ಕೆ ನಾಲ್ಕು ಸಲ ಆ ಫ್ಲೆಕ್ಸಿನ ಮುಂದೆ ಬಸ್ಸಿನಿಂದ ಇಳಿದು ಹತ್ತಬೇಕು. ಟಿಕೆಟ್ ಕೇಳಿದರೆ, ಟಿಕೆಟ್ ಆಮ್ಯಾಲ ಹರಿಯಂತಿ, ಮೊದಲ ಆಯಿಗೆ ಒಂದು ಚಾದರ ಒಯ್ದ ಕೊಡಲೇ ಎಂದು ಹಿಂದಿನ ಸೀಟಿನಿಂದ ಕೂಗುತ್ತಿದ್ದರು. ನಿಪ್ಪಾಣಿ ರೂಟಿಗೆ ಬದಲಿ ಕೇಳಿದ, ಕೊಟ್ಟರು. ಆದರೆ ನಿಪ್ಪಾಣಿ ಬಸ್ಸೂ ಅಲ್ಲಿಂದಲೇ ಹೊರಡುತ್ತದೆ. ಅವನಿಗೆ ಹೆಣ್ಣು ಕೊಡುವ ಮಾತಾಡಲು ಐಗಳಿಯಿಂದ ನಾಲ್ವರು ಬಂದರು. ಬಸ್ಸಿಳಿದರು, ಫ್ಲೆಕ್ಸ್ ನೋಡಿದರು, ಅದೇ ಬಸ್ಸಿನಲ್ಲಿ ವಾಪಸು ಹೋದರು. ಮನೆಯಲ್ಲಿ ಮಾಡಿದ್ದ ಹೋಳಿಗೆ ಓಣಿಯವರಿಗೆ ಹಂಚಿದೆವು. ನೆರೆಯ ನಂತರ ಸದಾಶಿವ ತಾಯಿಯನ್ನೂ ಎಮ್ಮೆಗಳನ್ನೂ ಚಿಕ್ಕೋಡಿಗೇ ಕರೆತಂದು ಬಾಡಿಗೆ ಮನೆ ಮಾಡಿದ್ದ. ಅವಳ ಬಳಿ ಮಗನ ಲೆಕ್ಕದ ಬಸ್ ಪಾಸು ಇತ್ತು. ಆದರೂ ಊರಿಗೆ ಹೋಗಬೇಕಾದರೆ ಬಸ್ ನಿಲ್ದಾಣವನ್ನು ಬಳಸಿ, ಸುತ್ತಿನ ದಾರಿಯಲ್ಲಿ ನಡೆದು, ಊರ ಹೊರಗೆ ಟಂಟಂ ರಿಕ್ಷಾ ಹಿಡಿಯುತ್ತಿದ್ದಳು.

ಸಂಸ್ಥೆಗೆ ನಾನು ಎರಡು ಪತ್ರ ಬರೆದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ, ನಿಮ್ಮ ಕಾಳಜಿಗೆ ಧನ್ಯವಾದ ಎಂದು ಒಂದು ಕಾಗದ ಬಂತು. ಜೊತೆಗೆ ಹೊಸ ವರ್ಷದ ಕ್ಯಾಲೆಂಡರ್. ಆಗಸ್ಟ್ ತಿಂಗಳ ಹಾಳೆಯ ಮೇಲೆ ಅಕ್ಕ ಇದ್ದಳು.

ಆ ದಿನ ನಿಶ್ಚಯ ಮಾಡಿದೆ. ಅದನ್ನು ಸೇಡು ಎಂದೇ ಬರೆಯುತ್ತೇನೆ. ನ್ಯಾಯ ಎಂದು ಬರೆದರೆ ಅನಿಸಿದ್ದನ್ನು ಬರೆದಂತಾಗುತ್ತದೆ.

ಮೂರು ವರ್ಷ ಕಳೆದ ಮೇಲೆ ದಾರಿ ತಾನಾಗಿ ತೆರೆಯಿತು. ನೆರವು ಕೊಡುವ ದೊಡ್ಡವರು, ನಿಮ್ಮ ಚಿತ್ರ ಬೇಡ, ಬರೆದ ದಾಖಲೆ ಕೊಡಿ ಎಂದು ಕೇಳತೊಡಗಿದ್ದರಂತೆ. ಹಾಗಾಗಿ ಅದೇ ಸಂಸ್ಥೆ ಚಿಕ್ಕೋಡಿಯಲ್ಲಿ ಇಪ್ಪತ್ತು ದಿನದ ತರಬೇತಿ ಇಟ್ಟಿತು. ವಯಸ್ಸಿನ ಮಿತಿ ಇರಲಿಲ್ಲ. ಆಷಾಢ ಹಿಡಿದ ವಾರ ಸಂದರ್ಶನಕ್ಕೆ ಹೋದೆ. ಮೇಜಿನ ಆಚೆ ಶ್ರೀಕಾಂತ ಕೂತಿದ್ದ. ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳಿದ. ಬರೆಯುವ ಅಭ್ಯಾಸ ತಪ್ಪಬಾರದು ಎಂದೆ. ಅಕ್ಕ ಅವ್ವನನ್ನು ಹೋಲುತ್ತಾಳೆ, ನಾನು ಅಪ್ಪನನ್ನು. ಅವನಿಗೆ ಗುರುತು ಸಿಗಲಿಲ್ಲ.

ಪಾಠ ಹೇಳಲು ಧಾರವಾಡದಿಂದ ಲತಾ ಮೇಡಂ ಬಂದಿದ್ದರು. ಕಡ್ಡಿಯಂಥ ಹೆಂಗಸು, ಉಬ್ಬಸ ಬೇರೆ. ಎಲ್ಲೆಲ್ಲಿಯೋ ನೆರೆ, ಬೆಂಕಿ, ಭೂಕಂಪಗಳ ನಡುವೆ ಕೂತು ಬರೆದವರು. ಅವರ ಪಾಠ ಕೇಳುತ್ತ ಕೇಳುತ್ತ ನನಗೆ ಬಂದ ಉದ್ದೇಶವೇ ಕೆಲಹೊತ್ತು ಮರೆಯುತ್ತಿತ್ತು, ಅಷ್ಟು ಇಷ್ಟವಾಯಿತು. ಕೇಳದೆ ಯಾರ ಮಾತನ್ನೂ ಬರೆಯಬಾರದು. ಮಾತಿಗೆ ಬೇರೆ ಒಪ್ಪಿಗೆ, ಫೋಟೊಗೆ ಬೇರೆ ಒಪ್ಪಿಗೆ. ಹಾಳೆಯಲ್ಲಿ ಎರಡು ಚೌಕ. ಒಲ್ಲೆ ಎಂದರೆ ಅದನ್ನೂ ಕಾರಣಸಹಿತ ಬರೆದು ಸಹಿ ಹಾಕಿಸಬೇಕು. ಚಿತ್ರದ ಚೌಕಟ್ಟಿನ ಹೊರಗೆ ಯಾರು ನಿಂತಿದ್ದರು ಎಂದು ಬರೆಯಬೇಕು. ಬರೆದದ್ದನ್ನು ಹೇಳಿದವರಿಗೇ ಓದಿ ತೋರಿಸಬೇಕು. ಇಷ್ಟೆಲ್ಲ ಆದ ಮೇಲೆ ಇನ್ನೊಂದು ನಿಯಮ ಹೇಳಿದರು. ಅಂದಿನ ಹಾಳೆಯನ್ನು ಅಂದೇ ಸ್ಥಳದ ಅಧಿಕಾರಿ ಓದಿ ಸಹಿ ಮಾಡಬೇಕು; ಸಹಿಯಾದ ಮೂಲ ಹಾಳೆ ಒಂದಕ್ಷರ ಬದಲಾಗದೆ ಬೆಳಗಾವಿಯ ಕಚೇರಿಗೆ, ಅಲ್ಲಿಂದ ನೆರವು ಕೊಡುವವರಿಗೆ ಹೋಗಬೇಕು. ನಾನು ಅದರ ಕೆಳಗೆ ಎರಡು ಗೆರೆ ಎಳೆದೆ.

ರೇಶ್ಮಾ ಅಲ್ಲಿಯೇ ಜೊತೆಯಾದದ್ದು. ನಿಪ್ಪಾಣಿಯವಳು, ತಾಯಿ ಬೀಡಿ ಕಟ್ಟುತ್ತಿದ್ದರು, ಇವಳು ಮದುವೆಗಳ ಫೋಟೊ ತೆಗೆಯುತ್ತಿದ್ದಳು. ನನ್ನ ಪಕ್ಕ ಕೂತು ನನ್ನ ಪುಸ್ತಕದಲ್ಲಿ ಇಣುಕುವಳು. ಸಿಸ್ಟರ್, ನೀವು ನಗೂ ಮುಂದನೂ ಟೈಮ್ ಬರಕೊಂತೀರೇನ್ರಿ ಎಂದು ಕೇಳಿದಳು. ನಕ್ಕರೆ ಬರೆದುಕೊಳ್ಳುತ್ತೇನೆ ಎಂದೆ.

ಹತ್ತನೆಯ ದಿನ ಶ್ರೀಕಾಂತ ಅತಿಥಿಯಾಗಿ ಪಾಠಕ್ಕೆ ಬಂದ. ಪರಿಣಾಮಕಾರಿ ಚಿತ್ರ ಎಂದರೆ ಹೇಗಿರಬೇಕು ಎಂದು ಹೇಳುತ್ತ ಗೋಡೆಯ ಮೇಲೆ ಅಕ್ಕನನ್ನು ಬಿಟ್ಟ. ಆ ಗೋಡೆಯಷ್ಟೂ ಅಕ್ಕ, ಬಿಚ್ಚಿದ ಕೂದಲು. ಈ ಒಂದು ಚಿತ್ರ ಎಷ್ಟು ಸಾವಿರ ಮೈ ಮುಚ್ಚಿತು ಗೊತ್ತೇ ಎಂದ. ಏನು ಕಾಣುತ್ತದೆ ಎಂದು ಎಲ್ಲರನ್ನೂ ಕೇಳಿದ. ದುಃಖ ಎಂದರು, ಒಂಟಿತನ ಎಂದರು. ನಾನು ಕೈ ಎತ್ತಿದೆ.

"ಎಡಗಡೆ ಅಂಚಿನ್ಯಾಗ ಏನೋ ಕತ್ತರಿಸ್ಯಾರಲ್ರಿ. ಏನಿತ್ರಿ ಅಲ್ಲಿ?"

"ಎಮ್ಮಿ ಇತ್ರಿ ಸಿಸ್ಟರ್," ಎಂದ.

ಎಲ್ಲರೂ ನಕ್ಕರು. ಲತಾ ಮೇಡಂ ನಗಲಿಲ್ಲ. ನಾನು ಪುಸ್ತಕದಲ್ಲಿ ಬರೆದುಕೊಂಡೆ: ಹನ್ನೊಂದು ನಲವತ್ತು. ಎಮ್ಮೆ ಇತ್ತು ಎಂದರು.

ನಮ್ಮ ಕಡೆಯ ನೆರೆ ಮಲೆನಾಡಿನ ನೆರೆಯಂತಲ್ಲ. ಇಲ್ಲಿ ಬಿಸಿಲು ಬಿದ್ದಿರುತ್ತದೆ, ಬಟ್ಟೆ ಒಣಗುತ್ತಿರುತ್ತದೆ. ಘಟ್ಟದ ಆಚೆ ಸುರಿದ ಮಳೆಗೆ ಅಲ್ಲಿಯ ಅಣೆಕಟ್ಟು ತುಂಬಿ, ನೀರು ಇಲ್ಲಿಯ ಹೊಸ್ತಿಲಿಗೆ ಬರುತ್ತದೆ. ಆ ವರ್ಷವೂ ಹಾಗೆಯೇ. ಕಲ್ಲೋಳ–ಯಡೂರ ಸೇತುವೆ ಮುಳುಗಿತು ಎಂಬ ಸುದ್ದಿ ಬೆಳಗಿನ ಚಹಾದ ಜೊತೆ ಬಂತು. ಎರಡು ದಿನಕ್ಕೆ ಕಾಗವಾಡದ ಕಡೆಯ ದಾರಿ ಬಂದಾಯಿತು. ಹದಿನಾಲ್ಕನೆಯ ದಿನಕ್ಕೆ ತರಬೇತಿ ನಿಲ್ಲಿಸಿ, ಉಳಿದದ್ದನ್ನು ನೀರಿನಲ್ಲೇ ಕಲಿಯಿರಿ ಎಂದು ನಮ್ಮನ್ನು ಹಂಚಿದರು. ರಾಯಬಾಗ ತಾಲ್ಲೂಕಿನ ದಂಡೆಯ ಒಂದು ಶಾಲೆಗೆ ಹೋಗುವ ಜೀಪಿನಲ್ಲಿ ಶ್ರೀಕಾಂತ ಮುಂದೆ, ಫೋಟೊಗೆ ರೇಶ್ಮಾ, ಹಾಳೆಗೆ ನಾನು, ಓಡಿಸಲು ಬಾಳಪ್ಪ. ಆ ಜೀಪಿಗೆ ನಾನಾಗಿಯೇ ಕೇಳಿ ಹೆಸರು ಹಾಕಿಸಿಕೊಂಡಿದ್ದೆ. ಜೀಪಿನ ಹಿಂದಿನ ಬಾಗಿಲ ತುಂಬ ಅಕ್ಕನ ಚಿತ್ರ ಅಂಟಿಸಿದ್ದರು. ದಿನಾ ಬೆಳಿಗ್ಗೆ ಅಕ್ಕನ ಕೆನ್ನೆಯ ಹತ್ತಿರದ ಹಿಡಿಕೆ ತಿರುವಿ ಒಳಗೆ ಹತ್ತುತ್ತಿದ್ದೆ.

ಅವನ ಕೆಲಸದ ರೀತಿ ಹೀಗಿತ್ತು. ಜೀಪು ನಿಂತ ಕೂಡಲೇ ಬ್ಯಾನರ್. ಆಮೇಲೆ ಬೆಳಕು ಎಲ್ಲಿಂದ ಬೀಳುತ್ತದೆ ಎಂಬ ಹುಡುಕಾಟ. ಆಮೇಲೆ ಒಂದೇ ಚಾದರವನ್ನು ಒಬ್ಬರಾದ ಮೇಲೆ ಒಬ್ಬರ ಕೈಗೆ ಕೊಟ್ಟು ಫೋಟೊ. ಫೋಟೊ ಆದವರು ಅದನ್ನು ಮುಂದಿನವರಿಗೆ ದಾಟಿಸಿ ಗೋಡೆಗೆ ಒರಗಿ ನಿಲ್ಲಬೇಕು. ಎಲ್ಲ ಚಿತ್ರ ಮುಗಿದ ಮೇಲೆ ಗಂಟು ಬಿಚ್ಚುವುದು. ಮೋಸವೆಂದರೆ ಹಂಚದೆ ಇರುವುದು, ಅವನು ಹಂಚುತ್ತಿದ್ದ. ತೊಯ್ದವರನ್ನು ಕಾಯಿಸಿ ಹಂಚುತ್ತಿದ್ದ, ಅಷ್ಟೇ. ನಾನು ಬರೆದೆ: ಹನ್ನೊಂದು ಹತ್ತು, ವಾಹನ ಬಂತು. ಹನ್ನೊಂದು ಹದಿನೈದು, ಬ್ಯಾನರ್ ಕಟ್ಟಿದರು. ಹನ್ನೆರಡು ಐದು, ಒಬ್ಬ ಬಾಣಂತಿ ಚಾದರ ಕೇಳಿದಳು. ಫೋಟೊ ಆಗಲಿ ಎಂದರು. ಹನ್ನೆರಡು ಐವತ್ತು, ಕೊಟ್ಟರು. ಚೌಕಟ್ಟಿನ ಹೊರಗೆ: ಆಕೆಯ ಗಂಡ, ಅತ್ತೆ, ನಾಲ್ಕು ದಿನದ ಮಗು.

ದಿನಾ ಸಂಜೆ ಈ ಹಾಳೆಗಳನ್ನು ಅವನ ಮುಂದೆ ಹಿಡಿಯುತ್ತಿದ್ದೆ. ಒಂದು ಕೈಯಲ್ಲಿ ಫೋನು, ಅದರಲ್ಲಿ ಅಂದಿನ ಚಿತ್ರಗಳು. ಇನ್ನೊಂದು ಕೈಯಿಂದ ಜೀಪಿನ ಬಾನೆಟ್ಟಿನ ಮೇಲೆ ಒಂದೊಂದೇ ಹಾಳೆಗೆ ಸಹಿ. ಒಂದು ದಿನವೂ ಓದಲಿಲ್ಲ. ಅವನಿಗೆ ಬರಹ ಎಂದರೆ ಚಿತ್ರದ ಕೆಳಗಿನ ಎರಡು ಸಾಲು. ಉಳಿದದ್ದು ಕಚೇರಿಯ ಕಾಗದ. ಮೊದಲ ದಿನ, ಓದಿ ಸಹಿ ಮಾಡಿ ಎಂದು ಹೇಳಿದೆ. ನೀವು ಬರದೀರಂದ್ರ ಸರೀನ ಇರ್ತೈತಿ ಬಿಡ್ರಿ ಎಂದ. ಅದನ್ನೂ ಬರೆದೆ, ಅದಕ್ಕೂ ಸಹಿ ಮಾಡಿದ. ಲಕೋಟೆ ಮರುದಿನ ಬೆಳಗಿನ ಬೆಳಗಾವಿ ಬಸ್ಸಿಗೆ ಹೋಗುತ್ತಿತ್ತು. ಎರಡು ದಿನ ಬದಲಿ ಡ್ಯೂಟಿಗೆ ಬಂದು ಆ ಬಸ್ಸಿನ ಕಂಡಕ್ಟರ್ ಆಗಿದ್ದವನು ಸದಾಶಿವನೇ. ಒಳಗೆ ಏನಿದೆ ಎಂದು ಅವನಿಗೆ ನಾನು ಹೇಳಲಿಲ್ಲ.

ರೇಶ್ಮಾ ಮಾತ್ರ ಒಂದು ಮಧ್ಯಾಹ್ನ ನನ್ನ ಕಾರ್ಬನ್ ಪ್ರತಿ ಓದಿ ಬೆವರಿದಳು. ಇದನ್ನ ಸರ್ ಓದಿದ್ರ ಏನ್ ಗತಿರಿ ಎಂದಳು. ಓದಲಿ ಅಂತನ ಬರ್ಯಾಕತ್ತೀನಿ ಎಂದೆ.

ಆರನೆಯ ದಿನ ನೀರು ಶಾಲೆಯ ಹಿಂದಿನ ಕಬ್ಬಿನ ಹೊಲಕ್ಕೆ ಬಂದಿತ್ತು. ಶ್ರೀಕಾಂತನಿಗೆ ತನ್ನದೇ ಒಂದು ಚಿತ್ರ ಬೇಕಾಯಿತು: ಮೊಣಕಾಲು ನೀರಿನಲ್ಲಿ, ಹೆಗಲ ಮೇಲೆ ಅಕ್ಕಿಯ ಚೀಲ. ಅಲ್ಲಿ ಹೊಲದ ಬದಿಗೆ ಕಾಲುವೆ ಇದೆ, ನೀರಿನಡಿ ಕಾಣುವುದಿಲ್ಲ ಎಂದು ಬಾಳಪ್ಪ ಎರಡು ಸಲ ಹೇಳಿದ. ಬೆಳಕು ಹೋಗುತ್ತಿದೆ ಎಂದು ಇವನು ಮುಂದೆ ನಡೆದ. ಐದನೆಯ ಹೆಜ್ಜೆಗೆ ಚೀಲ ಮಾತ್ರ ಕಂಡಿತು. ಕೇಂದ್ರದಲ್ಲಿದ್ದ ಎಮ್ಮೆ ಕಾಯುವ ಅಣ್ಣತಮ್ಮಂದಿರು ಹಗ್ಗ ಹಿಡಿದು ಹಾರಿ, ಅವನನ್ನು ಕೂದಲು ಹಿಡಿದು ಎಳೆದು ತಂದರು. ಒಂದು ಬೂಟು, ಫೋನು, ಕನ್ನಡಕ ನೀರಿಗೆ ಹೋದವು.

ಶಾಲೆಯ ಕಟ್ಟೆಯ ಮೇಲೆ ಮಲಗಿಸಿದರು. ನನ್ನ ಕೆಲಸ ನಾನು ಮಾಡಿದೆ: ಮಗ್ಗುಲಾಗಿಸಿದೆ, ನೀರು ಕಾರಿಸಿದೆ, ನಾಡಿ ನೋಡಿದೆ, ಉಸಿರು ಎಣಿಸಿದೆ. ಹೆಂಗಸರು ಒದ್ದೆ ಅಂಗಿ ಕಳಚಿ, ಹೊಸ ಗಂಟು ಒಡೆದು ಒಂದು ಚಾದರ ಹೊದಿಸಿದರು. ನುಸಿಗುಳಿಗೆಯ ವಾಸನೆ ಕಟ್ಟೆಯ ತುಂಬ. ಸಾವಿನ ಅಂಚಿಗೆ ಹೋಗಿ ಬಂದವರು ಅಳುತ್ತಾರೆ. ಅದು ಮೈಯ ಕೆಲಸ, ನಾನು ಎಷ್ಟೋ ನೋಡಿದ್ದೇನೆ. ಅವನೂ ಅತ್ತ. ಚಾದರದ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಕೂದಲು ಹಣೆಗೆ ಅಂಟಿ, ಹಲ್ಲು ಕಟಕಟಿಸುತ್ತ ಅತ್ತ. ಸಂಜೆಯ ಬೆಳಕು ಕೆನ್ನೆಯ ಒಂದೇ ಬದಿಗೆ ಬೀಳುತ್ತಿತ್ತು. ಅವನು ಆರು ದಿನ ಹುಡುಕಿದ ಬೆಳಕು ಅದು.

ರೇಶ್ಮಾ ಕ್ಯಾಮೆರಾ ಕೆಳಗಿಳಿಸಿ ನಿಂತಿದ್ದಳು. ಅದನ್ನು ಅವಳ ಕೊರಳಿಂದ ತೆಗೆದು ನಾನು ಹಿಡಿದೆ. ಎರಡು ಸಾಲು ಆಗಲೇ ಸಿದ್ಧವಾಗಿದ್ದವು: ತನ್ನವರೇ ಕೈಬಿಟ್ಟ ಅಧಿಕಾರಿ. ಎಮ್ಮೆ ಕಾಯುವವರು ಕೈ ಹಿಡಿದರು. ಬೆರಳು ಗುಂಡಿಯ ಮೇಲಿತ್ತು. ಒತ್ತಿದ್ದರೆ ಆ ವಾರವೇ ಅವನ ಮುಖ ಎಲ್ಲ ಫೋನುಗಳಲ್ಲಿ ಇರುತ್ತಿತ್ತು. ಒತ್ತಲಿಲ್ಲ. ಕರುಣೆಯಿಂದಲ್ಲ. ಹಾಗೆ ಮಾಡಿದರೆ ಅವನ ಕೆಲಸವನ್ನು ಅವನಿಗಿಂತ ಕೆಟ್ಟದಾಗಿ ಮಾಡಿದಂತೆ. ನನ್ನ ಕೆಲಸ ಬೇರೆ ಇತ್ತು, ಅದನ್ನು ಅವನಿಗಿಂತ ಚೆನ್ನಾಗಿ ಕಲಿತಿದ್ದೆ. ಒಪ್ಪಿಗೆಯ ಹಾಳೆ ತೆಗೆದು ಅವನ ಪಕ್ಕ ಮೊಣಕಾಲೂರಿ ಕೂತೆ.

"ಸರ್, ನಿಮ್ಮ ಫೋಟೊ ತಗೀಬೇಕಂತ ಮಾಡೀನಿ. ಒಪ್ಪಿಗಿ ಐತೇನ್ರಿ?"

"ಬ್ಯಾಡ್ರಿ ಸಿಸ್ಟರ್. ನನ್ನ ಮಗಳು ನೋಡ್ತಾಳ."

ಬರೆದೆ: ನಾಲ್ಕು ಇಪ್ಪತ್ತು. ಫೋಟೊಗೆ ಒಪ್ಪಿಗೆ ಕೇಳಲಾಯಿತು. ನಿರಾಕರಿಸಿದರು. ಕಾರಣ, ಅವರದೇ ಮಾತಿನಲ್ಲಿ. ಬರೆದದ್ದನ್ನು ಅವನಿಗೆ ಓದಿ ಹೇಳಿದೆ. ಚಾದರದಿಂದ ಒಂದು ಕೈ ಹೊರಗೆ ತೆಗೆದು ಸಹಿ ಮಾಡಿದ. ಸಹಿ ಒಣಗಿದ ಮೇಲೆ ಹೇಳಿದೆ.

"ಜೀಪಿನ ಬಾಗಲಾ ಮ್ಯಾಲಿನ ಆಯಿ ನನ್ನ ಅಕ್ಕ ಅದಾಳ್ರಿ. ನೀವು ಕತ್ತರಿಸಿದ್ದು ಎಮ್ಮಿ ಅಲ್ಲ, ಆಕೀ ಮಗ."

ಅವನು ಜೀಪಿನ ಕಡೆ ತಲೆ ತಿರುಗಿಸಿದ. ಐದು ದಿನದ ಹಾಳೆಗಳು ಅವನದೇ ಸಹಿಯೊಂದಿಗೆ ಬೆಳಗಾವಿ ಮುಟ್ಟಿವೆ, ಬೇಕಾದರೆ ಪ್ರತಿ ನನ್ನ ಬಳಿ ಇದೆ ಎಂದು ಹೇಳಿ ಕೊಟ್ಟೆ. ಚಾದರದೊಳಗೆ ಕೂತು, ಕನ್ನಡಕವಿಲ್ಲದೆ ಹಾಳೆಯನ್ನು ಮುಖದ ಹತ್ತಿರ ಹಿಡಿದು, ಮೊದಲ ಸಲ ಓದಿದ. ಬಾಣಂತಿಯ ಹಾಳೆಗೆ ಬಂದಾಗ ತಲೆ ಎತ್ತಿ ಗೋಡೆಯ ಕಡೆ ನೋಡಿದ. ಅವಳು ಅಲ್ಲಿಯೇ ಇದ್ದಳು.

ಮುಂದೆ ಏನಾಯಿತು ಎಂಬುದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ದಸರೆಯ ಹೊತ್ತಿಗೆ ಅವನನ್ನು ದಾಖಲೆಯ ಕೆಲಸದಿಂದ ತೆಗೆದು ಗೋದಾಮಿಗೆ ಹಾಕಿದರು. ಬಸ್ ನಿಲ್ದಾಣದ ಫ್ಲೆಕ್ಸ್, ಜೀಪಿನ ಬಾಗಿಲು, ಕ್ಯಾಲೆಂಡರ್, ಎಲ್ಲ ಕಡೆಯಿಂದ ಅಕ್ಕನ ಚಿತ್ರ ಇಳಿಯಿತು. ರೇಶ್ಮಾ ಖಾಯಂ ಆದಳು, ಹೊಸಬರಿಗೆ ಪಾಠ ಹೇಳಲು ಈಗ ನನ್ನನ್ನು ಕರೆಯುತ್ತಾಳೆ. ಸದಾಶಿವನಿಗೆ ಐಗಳಿಯವರು ಮತ್ತೆ ಬರಲಿಲ್ಲ. ಏಕಸಂಬಿಯವರು ಬಂದರು, ಮದುವೆಯಾಯಿತು. ಮನುಷ್ಯ ಸತ್ತು ಬದುಕಿ ಕೂತಾಗ ಅವನ ಕೈಯಲ್ಲಿ ಸಹಿ ಹಾಕಿಸಿದಿರಲ್ಲ ಎಂದು ಕೆಲವರು ಕೇಳಿದರು. ಈಗಲಾದರೂ ಕ್ಷಮಿಸಿದಿರಾ ಎಂದು ಲತಾ ಮೇಡಂ ಫೋನಿನಲ್ಲಿ ಕೇಳಿದರು. ಇಲ್ಲ ಎಂದೆ. ಇಂದು ಕೇಳಿದರೂ ಅಷ್ಟೇ ಹೇಳುತ್ತೇನೆ. ದಸರೆಯಲ್ಲಿ ಬಂದ ಆ ಆದೇಶದ ಸುಖವನ್ನು ನಾನು ಒಂದು ತಿಂಗಳು ಉಂಡೆ.

ಆದರೆ ಆ ಮಳೆಗಾಲ ನೆನಪಾದರೆ ಕಣ್ಣ ಮುಂದೆ ಬರುವುದು ಆ ಆದೇಶವಲ್ಲ, ಅದೇ ಸಂಜೆ.

ಐದೂ ಕಾಲಿಗೆ ಶಾಲೆಯಿಂದ ಹೊರಟೆವು. ಯಾರೋ ಕೊಟ್ಟ ದೊಗಳೆ ಅಂಗಿಯಲ್ಲಿ ಅವನು ಮುಂದೆ ಕೂತಿದ್ದ. ಆ ದಿನದ ಹಾಳೆಗೆ ಇನ್ನೂ ಸಹಿ ಆಗಿರಲಿಲ್ಲ. ಅದರಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದೆ: ಹಳೆಯ ಚಿತ್ರದ ಬಗ್ಗೆ ತಕರಾರು ಇದ್ದರೆ, ಚಿತ್ರದಲ್ಲಿರುವವರ ಹೇಳಿಕೆ. ಪೆನ್ನು ತೆಗೆದು ಅಕ್ಕನ ಪರವಾಗಿ ಬರೆಯಲು ಹೊರಟೆ. ವಾಕ್ಯ ಸಿದ್ಧವಾಗಿತ್ತು. ಆಗ ಹೊಳೆಯಿತು, ನಾನು ಅಕ್ಕನನ್ನು ಕೇಳಿಯೇ ಇಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ಇಲ್ಲ. ಅವಳಿಗೆ ಅವಮಾನವಾಗಿದೆ ಎಂದು ನಾನೇ ಬರೆದುಕೊಂಡು, ನಾನೇ ಸಹಿ ಮಾಡಿದ್ದೆ. ಲತಾ ಮೇಡಂ ಕಲಿಸಿದ ಮೊದಲ ನಿಯಮವನ್ನು ಇಡೀ ತರಗತಿಯಲ್ಲಿ ಮುರಿದವಳು ನಾನೊಬ್ಬಳೇ. ಜೀಪನ್ನು ಅಕ್ಕನ ಮನೆಗೆ ತಿರುಗಿಸು ಎಂದು ಬಾಳಪ್ಪನಿಗೆ ಹೇಳಿದೆ. ಶ್ರೀಕಾಂತ ಬೇಡ ಎನ್ನಲಿಲ್ಲ.

ಆರೂ ಕಾಲು. ಅಕ್ಕ ಪಡಸಾಲೆಯಲ್ಲಿ ಕೂತು ಮೆಂತೆಪಲ್ಲೆ ಸೋಸುತ್ತಿದ್ದಳು. ಸದಾಶಿವ ಡ್ಯೂಟಿಯಲ್ಲಿದ್ದ. ಶ್ರೀಕಾಂತನನ್ನು ಕಂಡ ಕೂಡಲೇ ಅಕ್ಕ ಗುರುತು ಹಿಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಆದರೆ ಮೊದಲು ಎದ್ದು ಹೋಗಿ ಶುಂಠಿ ಹಾಕಿ ಚಹಾ ಮಾಡಿ ತಂದಳು, ತಲೆ ಒರೆಸಿಕೊಳ್ಳಲು ಟವೆಲ್ ಕೊಟ್ಟಳು. ಅವನು ಕುಡಿದು ಮುಗಿಸಿದ. ಆಮೇಲೆ ನಾನು ನಡೆದದ್ದನ್ನೆಲ್ಲ ಕ್ರಮವಾಗಿ ಹೇಳಿ, ನಿನ್ನ ಮಾತು ಬರೆದುಕೊಳ್ಳಬಹುದೇ ಎಂದು ಕೇಳಿದೆ.

"ಮೂರು ವರ್ಷ ನನ್ನ ಹೆಸರಿಲೆ ಸಿಟ್ಟ ಮಾಡಿದಿ," ಎಂದಳು ಅಕ್ಕ. "ಈಗ ಕೇಳಾಕತ್ತೀ?"

ತಪ್ಪಾಯಿತು ಎಂದೆ. ಪೆನ್ನು ತೆಗೆದೆ. ಅವಳು ಕೈ ಅಡ್ಡ ಹಿಡಿದಳು.

"ನೀ ಬ್ಯಾಡ. ಅವರ ಬರೀಲಿ."

ಶ್ರೀಕಾಂತ ನೆಲದ ಮೇಲೆ, ಮೆಂತೆಯ ಕಡ್ಡಿಗಳ ಆಚೆ ಕೂತ. ಹಲಗೆ, ಹಾಳೆ, ಪೆನ್ನು ಕೊಟ್ಟೆ. ಅಕ್ಕ ಪಲ್ಲೆ ಸೋಸುತ್ತಲೇ ಹೇಳತೊಡಗಿದಳು. ಹೆಸರು ಹೇಳಿದಳು, ಊರು ಹೇಳಿದಳು. ಮಗ ನನ್ನ ಬಿಟ್ಟಿಲ್ಲ, ಅವನೇ ದೋಣ್ಯಾಗ ಕುಂಡ್ರಿಸ್ಯಾನ ಎಂದಳು. ಅವನು ಬರೆದು ಓದಿದ: ಮಗ ನನ್ನನ್ನು ಕೈಬಿಟ್ಟಿರುವುದಿಲ್ಲ. ಅದು ನನ್ನ ಮಾತಲ್ಲ ಎಂದಳು ಅಕ್ಕ. ಅಳಿಸಬಾರದು, ಒಂದು ಗೆರೆ ಎಳೆದು ಸಹಿ ಮಾಡಿ ಎಂದೆ ನಾನು. ಗೆರೆ ಎಳೆದ, ಸಹಿ ಮಾಡಿದ, ಅವಳು ಹೇಳಿದಂತೆ ಬರೆದ. ಹೀಗೆ ಮೂರು ಗೆರೆ ಬಿದ್ದವು.

ಅಕ್ಕನನ್ನು ಬಲವಂತದಿಂದ ಅಳುವಂತೆ ಮಾಡಿದರು ಎಂಬುದು ಬರಬೇಕು ಎಂದು ನಾನು ನಡುವೆ ಬಾಯಿ ಹಾಕಿದೆ. ಅವಳು ನನ್ನ ಕಡೆ ನೋಡದೆ ಅವನಿಗೆ ಹೇಳಿದಳು.

"ಅತ್ತದ್ದು ಖರೇ ಐತಿ, ಬರೀರಿ. ನನ್ನ ಹಿಂದ ಪಾಳ್ಯಾಗ ಒಂಬತ್ತು ಮಂದಿ ನಿಂತಿದ್ರು, ತೊಯ್ದ ಕೂಸುಗೋಳನ್ನ ಎತ್ತಿಕೊಂಡು. ಎರಡು ಸಲ ನಾ ಅಳಲಿಲ್ಲ, ಎರಡೂ ಸಲ ಪಾಳಿ ಅಲ್ಲೇ ನಿಂತಿತು. ನಾ ಅಳೂತನಾ ಇವರು ಮುಂದ ಸರ್‍ಯಾಂಗಿಲ್ಲ ಅಂತ ಗೊತ್ತಾತು. ಅದಕ್ಕ ಅತ್ತೆ."

ಪೆನ್ನು ನಿಂತಿತು. ನಾನು ಇಷ್ಟು ವರ್ಷ ಸೇಡು ಕಟ್ಟಿಕೊಂಡು ತಿರುಗಿದ್ದು ಮೋಸಹೋದ ಒಬ್ಬ ಮುದುಕಿಗಾಗಿ. ಆ ಮುದುಕಿ ಎಂದೂ ಇರಲಿಲ್ಲ. ಅವಳು ಲೆಕ್ಕ ಹಾಕಿ, ಒಂಬತ್ತು ಜನರಿಗಾಗಿ ತನ್ನ ಕೂದಲು ಬಿಚ್ಚಿದವಳು. ಇದು ತಿಳಿದ ಮೇಲೆ ನನ್ನ ಸಿಟ್ಟು ಇಳಿಯಬೇಕಿತ್ತೇನೋ. ಎರಡು ಪಟ್ಟು ಏರಿತು.

ಶ್ರೀಕಾಂತ ತಲೆ ಎತ್ತದೆ, ನಂದು ತಪ್ಪಾತ್ರಿ ಆಯಿ ಎಂದ.

"ಅದು ನೀವು ಅಂದದ್ದು," ಎಂದಳು ಅಕ್ಕ. "ನಾ ಅಂದದ್ದ ಬರೀರಿ."

ಬರೆದ. ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ. ಕನ್ನಡಕವಿಲ್ಲದ್ದರಿಂದ ಎರಡು ಕಡೆ ತಡವರಿಸಿದ, ಅಕ್ಕ ಹೇಳಿಕೊಟ್ಟಳು. ಕೊನೆಗೆ ಎರಡು ಚೌಕ ಉಳಿದವು. ಮಾತು ಬಳಸಲು ಒಪ್ಪಿಗೆಯೇ ಎಂದು ಕೇಳಿದ. ಹ್ಞೂಂ ಎಂದಳು. ಫೋಟೊ ಬಳಸಲು ಎಂದು ಅವನು ಕೇಳುವ ಮೊದಲೇ, ಹಳೇದೂ ಬ್ಯಾಡ, ಹೊಸಾದೂ ಬ್ಯಾಡ ಎಂದಳು. ಹಾಗೆಯೇ ಬರೆದ. ಅಕ್ಕ ಸಹಿ ಮಾಡಿದಳು. ಅವಳು ನಾಲ್ಕನೆಯ ಇಯತ್ತೆ ಓದಿದವಳು, ಹೆಬ್ಬೆಟ್ಟಲ್ಲ. ಅವನು ಸಹಿ ಮಾಡಿದ. ನಾನು ಸಾಕ್ಷಿ ಹಾಕಿದೆ.

ಅವನು ಗೋಡೆ ಹಿಡಿದು ಎದ್ದು ನಿಂತ. ನಾನು ಹೋಗಬಹುದೇ ಎಂದು ನನ್ನನ್ನು ಕೇಳಿದ. ಮನೆ ಅವಳದು, ಅವಳನ್ನು ಕೇಳಿ ಎಂದೆ. ಅಕ್ಕನ ಕಡೆ ತಿರುಗಿ ಕೇಳಿದ. ಅವಳು ಸೊಪ್ಪನ್ನು ಒಂದು ಕಡೆ ಮಾಡಿ, ಕಡ್ಡಿಗಳನ್ನು ಎಮ್ಮೆಗೆಂದು ಬುಟ್ಟಿಗೆ ತುಂಬಿ, ನೆಲದ ಮೇಲೆ ಬಿದ್ದ ಎಲೆಗಳನ್ನು ಒಂದೊಂದಾಗಿ ಆರಿಸಿದಳು. ಅಷ್ಟೂ ಹೊತ್ತು ಅವನು ನಿಂತೇ ಇದ್ದ. ಅವಳು ಅವಸರ ಮಾಡಲಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ, ಆರು ನಿಮಿಷ.

"ಹೋಗ್ರಿ," ಎಂದಳು.

ಹಾಳೆಯ ಕೊನೆಯ ಸಾಲನ್ನು ನಾನು ತುಂಬಿದೆ: ಏಳೂ ಐದು. ಹೋದರು.